ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ: ನಿರ್ಲಕ್ಷ್ಯ ಸಲ್ಲದು

ಮೈಗೆ ಪೆಟ್ಟು ತಗುಲಿದಾಗ ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ಒಡೆದು, ರಕ್ತ ಸೋರಿ, ಆ ಭಾಗ ಕಂದುಗಟ್ಟುತ್ತದೆ. ಈ ಕಲೆಯು ನೀಲಿಯಿಂದ ಹಸಿರು, ಹಳದಿ ಬಣ್ಣಗಳಿಗೆ ತಿರುಗಿ ಸಾಮಾನ್ಯವಾಗಿ 2 ವಾರಗಳಲ್ಲಿ ಮಾಯವಾಗುತ್ತದೆ. ಮೊದಲ ದಿನ ತಣ್ಣೀರಿನ ಬಟ್ಟೆ ಇರಿಸಿದರೆ ಸಾಕು, ಉಜ್ಜಬಾರದು.

ವೃದ್ಧರ ಚರ್ಮ ತೆಳುವಾಗಿರುವುದರಿಂದ ಅಲ್ಪ ಪೆಟ್ಟಿಗೂ ಕಲೆ ಮೂಡುತ್ತದೆ. ಹೃದ್ರೋಗಕ್ಕಾಗಿ ಆಸ್ಪಿರಿನ್ ಅಥವಾ ವಾರ್ಫರಿನ್ ಸೇವಿಸುವವರಲ್ಲಿಯೂ ಹೀಗಾಗುವುದುಂಟು. ಅಂಥವರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರ ಸಲಹೆ ಪಡೆಯತಕ್ಕದ್ದು.

ಪೆಟ್ಟಿಲ್ಲದೆ ಪದೇ ಪದೇ ಕಲೆ ಮೂಡಿದಲ್ಲಿ, ವಸಡು ಅಥವಾ ಮೂಗಿನಿಂದ ರಕ್ತ ಬಂದಲ್ಲಿ, 2 ವಾರ ಕಳೆದರೂ ಕಲೆ ಮಾಸದಿದ್ದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. ಜ್ವರದೊಡನೆ ಕಲೆ ಅಥವಾ ಕೆಂಪು ಚುಕ್ಕೆಗಳು ಕಂಡರೆ ಅದು ಡೆಂಗಿ ಆಗಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿನಲ್ಲಿಯೇ ಅಪಾಯ ಹೆಚ್ಚು. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ತಲೆಗೆ ಪೆಟ್ಟು ಬಿದ್ದು ವಾಂತಿ ಅಥವಾ ಮಂಪರು ಕಂಡರೆ, ಹಾವು ಕಚ್ಚಿದರೆ, ಕೂಡಲೇ 108ಕ್ಕೆ ಕರೆ ಮಾಡಬೇಕು.

ಮಹಿಳೆ ಅಥವಾ ಮಗುವಿನ ಮೈಮೇಲೆ ಮತ್ತೆ ಮತ್ತೆ ಕಲೆಗಳು ಕಾಣುತ್ತಿದ್ದರೆ ಅದು ಹಿಂಸೆಯ ಕುರುಹೂ ಆಗಿರಬಹುದು. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಸದಸ್ಯರು ಈ ವಿಷಯಗಳನ್ನು ಆಶಾ ಕಾರ್ಯಕರ್ತೆಯರೊಡನೆ ಚರ್ಚಿಸಿ, ವಾರ್ಡ್ ಸಭೆಗಳಲ್ಲಿ ಜನರಿಗೆ ತಿಳಿಯಪಡಿಸಬೇಕು.