ತಾಮ್ರದ ಕೊಳವೆಗೆ ಬೆಸುಗೆಯೋ, ಅಂಟೋ?

‘ಕಲಾಯಿ’ ಎಂಬ ಮಾತನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೀರಾ? ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಹಚ್ಚುವ ಕೆಲಸವದು. ಕಲಾಯಿಗಾರ ಪಾತ್ರೆಯನ್ನು ಚೆನ್ನಾಗಿ ಉಜ್ಜಿ, ಕಾಯಿಸಿ, ನವಸಾಗರ ಉದುರಿಸಿ, ತವರ ತಾಕಿಸಿ ಒರೆಸಿದರೆ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ನೀರಿನ ತಾಮ್ರದ ಕೊಳವೆಗಳ ಬೆಸುಗೆಯ ಗುಟ್ಟೂ ಇದೇ.

ಕೊಳವೆಯ ತುದಿಗೂ ಅದು ಕೂರುವ ಫಿಟ್ಟಿಂಗಿಗೂ ನಡುವೆ ಉಳಿಯುವ ಸಂದು ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಎರಡನ್ನೂ ಉಜ್ಜಿ, ಫ್ಲಕ್ಸ್ ಸವರಿ, ಕಾಯಿಸಿ ಸಾಲ್ಡರ್ ತಂತಿ ಮುಟ್ಟಿಸಿದರೆ ಸಾಕು. ಬತ್ತಿಗೆ ಎಣ್ಣೆ ಏರುವಂತೆ ಕರಗಿದ ಲೋಹ ತಾನಾಗಿ ಸಂದಿಯೊಳಕ್ಕೆ ಹರಿಯುತ್ತದೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ 1,085ರಲ್ಲಿ. ಹಾಗಾಗಿ ಕೊಳವೆಗೆ ಅಪಾಯವಿಲ್ಲ. ಹಿಂದೆ ಸಾಲ್ಡರಿನಲ್ಲಿ ಸೀಸ ಬೆರೆಸುತ್ತಿದ್ದರು. ಸೀಸ ವಿಷವಾದ್ದರಿಂದ, ಶೇಕಡಾ 0.2ಕ್ಕಿಂತ ಹೆಚ್ಚು ಸೀಸವಿರುವ ಸಾಲ್ಡರನ್ನು ಕುಡಿಯುವ ನೀರಿನ ಕೊಳವೆಗಳಿಗೆ ಬಳಸುವುದನ್ನು ಅಮೆರಿಕ 1986ರಲ್ಲಿ ನಿಷೇಧಿಸಿತು.

ಹಾಗಾದರೆ ಅಂಟು ಏಕೆ ಬೇಕು? ಬೆಂಕಿಯ ಭಯದಿಂದ! ಮರದ ಕಪಾಟಿನ ಹಿಂದೆ, ವಿದ್ಯುತ್ ತಂತಿಗಳ ಪಕ್ಕದಲ್ಲಿ ಜ್ವಾಲೆ ಹಿಡಿಯುವುದು ಹುಡುಗಾಟವಲ್ಲ. ಜೊತೆಗೆ, ಕೊಳವೆಯಲ್ಲಿ ನೀರು ಉಳಿದಿದ್ದರೆ ಅದು ಆವಿಯಾಗುತ್ತಾ ಶಾಖವನ್ನೆಲ್ಲ ನುಂಗಿಬಿಡುತ್ತದೆ. ಸಾಲ್ಡರ್ ಕರಗುವುದೇ ಇಲ್ಲ. ಜಿನುಗುವ ನೀರನ್ನು ತಡೆಯಲು ಕೊಳವೆಯೊಳಗೆ ಬ್ರೆಡ್ಡಿನ ಉಂಡೆ ತುರುಕುವ ಹಳೆಯ ಪ್ಲಂಬರ್ ಉಪಾಯವೂ ಉಂಟು.

ಅಂಟಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ರಾಳ ಮತ್ತು ಗಟ್ಟಿಕಾರಕಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿ. ಇನ್ನೊಂದು ವಿಚಿತ್ರವಾದದ್ದು: ಗಾಳಿ ಇರುವವರೆಗೆ ದ್ರವ, ಗಾಳಿ ಸಿಗದ ಸಂದಿನಲ್ಲಿ ಲೋಹದ ಸಂಪರ್ಕದಿಂದ ಘನ! ಅಮೆರಿಕದ ಟ್ರಿನಿಟಿ ಕಾಲೇಜಿನ ರಸಾಯನ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ಈ ಬಗೆಯ ಅಂಟನ್ನು ರೂಪಿಸಿದರು. ಅದು ಮೊದಲು ಹೆಸರಾದದ್ದು ನಟ್ಟು-ಬೋಲ್ಟುಗಳು ಸಡಿಲವಾಗದಂತೆ ಹಿಡಿಯುವುದಕ್ಕೆ. ತಾಮ್ರವಂತೂ ಅದನ್ನು ಬೇಗ ಗಟ್ಟಿಯಾಗಿಸುತ್ತದೆ.

ಇಲ್ಲೊಂದು ಎಚ್ಚರ. ನಮ್ಮ ಫ್ಲಾಟುಗಳಲ್ಲಿ ಪ್ಲಂಬರ್ ಪ್ಲಾಸ್ಟಿಕ್ ಪೈಪಿಗೆ ಸಲೀಸಾಗಿ ‘ಸಲ್ಯೂಷನ್’ ಹಚ್ಚುವುದನ್ನು ನೋಡಿದ್ದೀರಿ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡನ್ನು ಒಂದಾಗಿಸುತ್ತದೆ. ತಾಮ್ರ ಹಾಗೆ ಕರಗದು. ಅಂಟು ಅದರ ಮೈಯನ್ನು ಬರಿದೆ ಹಿಡಿದುಕೊಂಡಿರುತ್ತದೆ. ಮೈಮೇಲೆ ಕಿಲುಬು, ಜಿಡ್ಡು, ತೇವ ಇದ್ದರೆ ಅಂಟು ಹಿಡಿಯುವುದು ತಾಮ್ರವನ್ನಲ್ಲ, ಆ ಕೊಳೆಯನ್ನು! ಆದ್ದರಿಂದ ಬೆಂಕಿ ತಪ್ಪಿದರೂ ಉಜ್ಜುವ ಕೆಲಸ ತಪ್ಪದು.

ಬೆಸುಗೆ ಆರಿದರೆ ಕೆಲಸ ಮುಗಿದಂತೆ. ಎಪಾಕ್ಸಿ ಹಚ್ಚಿದರೆ ನೀರು ಬಿಡಲು ಹಲವು ಗಂಟೆ ಕಾಯಬೇಕು. ಬೆಸುಗೆಯನ್ನು ಮತ್ತೆ ಕಾಯಿಸಿ ಬಿಡಿಸಬಹುದು. ಅಂಟಿನ ಕೀಲು ಕೆಟ್ಟರೆ ಸಾಮಾನ್ಯವಾಗಿ ಕತ್ತರಿಸಿಯೇ ತೆಗೆಯಬೇಕು. ಶಾಖಕ್ಕೆ ಅಂಟು ಮೆತ್ತಗಾಗುವುದರಿಂದ ಗೀಸರಿನ ಬಿಸಿನೀರಿನ ಕೊಳವೆಗೆ ಬಳಸುವ ಮುನ್ನ ಡಬ್ಬಿಯ ಮೇಲಿನ ಉಷ್ಣತೆಯ ಮಿತಿಯನ್ನು ಓದಿರಿ. ಕುಡಿಯುವ ನೀರಿಗೆ ಯೋಗ್ಯವೆಂದು ಬರೆದಿದೆಯೇ ಎಂದೂ ನೋಡಿರಿ. ಅಡುಗೆ ಅನಿಲದ ಕೊಳವೆಗೆ ಮಾತ್ರ ನೀವಾಗಿ ಅಂಟು ಹಚ್ಚಲು ಹೋಗಲೇಬೇಡಿ. ಅದು ನುರಿತವರ ಕೆಲಸ.

ಯಾವ ಬಗೆಯ ಕೀಲಾದರೂ ಸರಿ, ಗೋಡೆ ಮುಚ್ಚುವ ಮುನ್ನ ಪೂರ್ಣ ಒತ್ತಡದಲ್ಲಿ ನೀರು ಬಿಟ್ಟು, ಒಣ ಕಾಗದ ಸುತ್ತಿ ಪರೀಕ್ಷಿಸಿರಿ. ಕಾಗದ ಒದ್ದೆಯಾದರೆ ಆಗಲೇ ಸರಿಪಡಿಸಬಹುದು. ಕೆಳಮನೆಯವರ ಚಾವಣಿ ಒದ್ದೆಯಾದ ಮೇಲಲ್ಲ!