ಎರಡೂವರೆ ವರ್ಷದ ಬಿಡಾರ

ನಮ್ಮ ಕಾಲೇಜಿನ ಎರಡನೆಯ ವರ್ಷದ ತರಗತಿಯಲ್ಲಿ ಹಾಜರಿ ಕರೆಯುವಾಗ ಒಂದು ಹೆಸರಿಗೆ ಮೂರು ವಾರಗಳಿಂದ ಉತ್ತರ ಬಾರದೆ ಇದ್ದಿತು. ಹುಡುಗ ರಾಯಚೂರು ಸೀಮೆಯವನು. ಹಳಗನ್ನಡದ ಪದ್ಯವನ್ನು ಎಡವದೆ ಓದಬಲ್ಲ ಕೆಲವರಲ್ಲಿ ಒಬ್ಬ. ಹಾಸ್ಟೆಲಿನ ಗೆಳೆಯರನ್ನು ವಿಚಾರಿಸಲಾಗಿ ತಿಳಿದುಬಂದುದಿಷ್ಟು: ಅವನ ಆರು ವರ್ಷದ ತಂಗಿಗೆ ರಕ್ತದ ಕ್ಯಾನ್ಸರ್, ತಾಯಿ ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಬಂದಿದ್ದಾಳೆ, ಇವನು ಹಗಲೆಲ್ಲ ಅವರ ಜೊತೆಗಿದ್ದು ರಾತ್ರಿ ಯಾವುದೋ ಗೋದಾಮಿನಲ್ಲಿ ಕೂಲಿಗೆ ಹೋಗುತ್ತಾನೆ. ಒಂದು ಭಾನುವಾರ ಅವರನ್ನು ಹುಡುಕಿಕೊಂಡು ಹೊರಟೆ.

ವಾರ್ಡಿನಲ್ಲಿ ಸಿಕ್ಕಾರೆಂದುಕೊಂಡಿದ್ದೆ. ಸಿಕ್ಕಿದ್ದು ಆಸ್ಪತ್ರೆಯ ಹೊರಗೋಡೆಗೆ ಒತ್ತಿ ಕಟ್ಟಿದ ಟಾರ್ಪಾಲಿನ ಕೆಳಗೆ. ಮಗುವಿಗೆ ಆ ವಾರದ ಇಂಜೆಕ್ಷನ್ ಮುಗಿದಿತ್ತು. ಹಾಸಿಗೆ ಇನ್ನೊಂದು ಮಗುವಿಗೆ ಬೇಕಾಗಿತ್ತು. ಮತ್ತೆ ಬರಬೇಕಾದುದು ನಾಲ್ಕನೆಯ ದಿನ. ನಾಲ್ಕು ದಿನಕ್ಕಾಗಿ ಊರಿಗೆ ಹೋಗಿಬರುವುದೆಂತು? ಕೂದಲುದುರಿದ ತಲೆಗೆ ಅಣ್ಣನ ಟವಲು ಸುತ್ತಿಕೊಂಡು ಮಗು ಮಲಗಿತ್ತು. ತಾಯಿ ನನ್ನನ್ನು ಕಂಡು ಎದ್ದು ನಿಂತಳು.

"ಔಷಧದ ರೊಕ್ಕ ಸರಕಾರದ ಕಾರ್ಡಿನಾಗ ಆಗತೈತ್ರೀ ಸರ. ಆದ್ರ ಈ ಕೂಸು ಜ್ವಾಳದ ರೊಟ್ಟಿ ಬಿಟ್ರ ಏನೂ ಬಾಯಾಗ ಇಡವಲ್ದು. ಇಲ್ಲಿ ಎಲ್ಲಿ ಒಲಿ ಹೂಡ್ಲಿ, ಎಲ್ಲಿ ರೊಟ್ಟಿ ಬಡೀಲಿ?"

ಈ ಪ್ರಶ್ನೆ ಬಹುದಿನ ನನ್ನನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಓದಿ ತಿಳಿದುದನ್ನೂ ಕಂಡು ಕೇಳಿದುದನ್ನೂ ವಾಚಕರ ಮುಂದಿಡುತ್ತಿದ್ದೇನೆ.

ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಅತ್ಯಂತ ಸಾಮಾನ್ಯವಾದುದು ರಕ್ತದ ಕ್ಯಾನ್ಸರು. ಅದರಲ್ಲೂ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ ಎಂದು ವೈದ್ಯರು ಕರೆಯುವ ಬಗೆ. 1947ಕ್ಕೆ ಮೊದಲು ಈ ರೋಗ ಬಂದ ಮಗು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕುತ್ತಿತ್ತು. ಆ ವರ್ಷದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದ ಡಾ. ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ ಎಂಬ ಔಷಧವನ್ನು ಪ್ರಯೋಗಿಸಿ ನೋಡಿದರು. 1948ರಲ್ಲಿ ಅವರು ಪ್ರಕಟಿಸಿದ ವರದಿಯಂತೆ 16 ಮಕ್ಕಳಲ್ಲಿ 10 ಮಕ್ಕಳ ರೋಗ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿತು. ಆ ಔಷಧ ಸಿದ್ಧವಾದುದು ಲೆಡರ್ಲಿ ಪ್ರಯೋಗಶಾಲೆಯಲ್ಲಿ; ಅಲ್ಲಿಯ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಮುಂದೆ ನಮ್ಮ ಹಿತ್ತಿಲುಗಳಲ್ಲಿ ತಾನಾಗಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದಲೇ ವಿನ್‌ಕ್ರಿಸ್ಟಿನ್ ಎಂಬ ಮದ್ದು ಬಂದಿತು. ದೇವರ ತಲೆಗೇರುವ ಆ ಹೂವಿನ ಗಿಡದ ಸತ್ವ ಇಂದಿಗೂ ಈ ಮಕ್ಕಳ ರಕ್ತನಾಳಕ್ಕೆ ಸೇರುತ್ತಿದೆ.

ಫಾರ್ಬರ್ ಅವರನ್ನು ಔಷಧದ ಪ್ರಯೋಗಕ್ಕಾಗಿ ಎಲ್ಲರೂ ನೆನೆಯುತ್ತಾರೆ. ಅವರ ಇನ್ನೊಂದು ಅಭಿಪ್ರಾಯವನ್ನು ನೆನೆಯುವವರು ಕಡಮೆ. ರೋಗಿಯಾದ ಮಗುವನ್ನು ಮಾತ್ರವಲ್ಲ, ಅದರ ಇಡೀ ಕುಟುಂಬವನ್ನು ಆಸ್ಪತ್ರೆ ನೋಡಿಕೊಳ್ಳಬೇಕು. ಊಟೋಪಚಾರ, ಮನಸ್ಸಿನ ಸಮಾಧಾನ, ಹಣಕಾಸಿನ ಸಲಹೆ ಎಲ್ಲವೂ ಒಂದೇ ಸೂರಿನಡಿ ಸಿಗಬೇಕು ಎಂಬುದು ಅವರ ಪಟ್ಟು.

ಹೀಗೇಕೆಂಬುದು ಚಿಕಿತ್ಸೆಯ ಕ್ರಮವನ್ನು ತಿಳಿದರೆ ಅರ್ಥವಾಗುತ್ತದೆ. ಈ ರೋಗದ ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ, ಕೆಲವೊಮ್ಮೆ ಮೂರು ವರ್ಷ ನಡೆಯುತ್ತದೆ. ಮೊದಲ ಆರೆಂಟು ತಿಂಗಳು ಅತ್ಯಂತ ಕಠಿಣ. ಮದ್ದು ರೋಗದ ಕಣಗಳ ಜೊತೆಗೆ ಮೈಗಾವಲಿನ ಬಿಳಿಯ ಕಣಗಳನ್ನೂ ಕೊಲ್ಲುತ್ತದೆ. ಆ ದಿನಗಳಲ್ಲಿ ಮಗುವಿಗೆ 100.4 ಡಿಗ್ರಿ ಜ್ವರ ಬಂದರೂ ಬೆಳಗಾಗಲೆಂದು ಕಾಯುವಂತಿಲ್ಲ. ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಆದುದರಿಂದಲೇ ಆಸ್ಪತ್ರೆಯ ಸಮೀಪದಲ್ಲಿ ವಾಸ, ಶುದ್ಧವಾದ ನೀರು, ಆಗತಾನೆ ಬೇಯಿಸಿದ ಊಟ ಇವು ಸೌಕರ್ಯಗಳಲ್ಲ, ಚಿಕಿತ್ಸೆಯ ಭಾಗಗಳೇ. ಟಾರ್ಪಾಲಿನ ಕೆಳಗೆ ಇವು ಎಲ್ಲಿಂದ ಬರಬೇಕು?

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಮೊದಲ ತಿಂಗಳ ಮದ್ದು ಮುಗಿಯುವ ಹೊತ್ತಿಗೆ ಹೆಚ್ಚಿನ ಮಕ್ಕಳ ಪರೀಕ್ಷೆಯಲ್ಲಿ ರೋಗದ ಗುರುತು ಕಾಣದು. ಮಗು ಎದ್ದು ಓಡಾಡುತ್ತದೆ, ನಗುತ್ತದೆ. ತಂದೆತಾಯಿಗಳು ಗುಣವಾಯಿತೆಂದೇ ತಿಳಿಯುತ್ತಾರೆ. ಆದರೆ ಕಣ್ಣಿಗೆ ಬೀಳದ ಕಣಗಳು ಅಸ್ಥಿಮಜ್ಜೆಯಲ್ಲಿ ಅಡಗಿರುತ್ತವೆ. ಉಳಿದ ಎರಡು ವರ್ಷದ ಮದ್ದೆಲ್ಲ ಅವಕ್ಕಾಗಿಯೇ. ಅತ್ತ ಊರಿನಲ್ಲಿ ಬಿತ್ತನೆಯ ಕಾಲ. ಮನೆಯಲ್ಲಿ ಬಿಟ್ಟುಬಂದ ಕೈಗೂಸು. ಕೈಗಡ ಕೊಟ್ಟವರ ತಗಾದೆ. ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಕೆಲವು ತಿಂಗಳಲ್ಲಿ ರೋಗ ಮರಳಿದಾಗ ಹಳೆಯ ಮದ್ದಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಇವರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ. ಬಾಡಿಗೆ, ಬಸ್ ಚಾರ್ಜು, ತಪ್ಪಿಹೋದ ಕೂಲಿ ಇವುಗಳ ಲೆಕ್ಕ ಹಾಕಿದರೆ ಆ ಜರೆಯುವ ಬಾಯಿ ಮುಚ್ಚೀತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಈ ಸಂಖ್ಯೆ 30ಕ್ಕಿಂತಲೂ ಕಡಮೆ. 2030ರ ವೇಳೆಗೆ ಜಗತ್ತಿನಲ್ಲಿ ಕನಿಷ್ಠ 60 ಮಂದಿಯಾದರೂ ಉಳಿಯಬೇಕೆಂದು ಆ ಸಂಸ್ಥೆ 2018ರಲ್ಲಿ ಗುರಿಯಿಟ್ಟಿತು. ಈ ಅಂತರಕ್ಕೆ ತಡವಾದ ರೋಗನಿದಾನ, ಸಿಗದ ಔಷಧ ಮೊದಲಾದ ಕಾರಣಗಳ ಜೊತೆಗೆ ನಡುವೆಯೇ ಕೈಬಿಟ್ಟ ಚಿಕಿತ್ಸೆಯೂ ಒಂದು ಕಾರಣ.

ಕೈಬಿಡದಂತೆ ಮಾಡಲು ಸಾಧ್ಯವೆಂಬುದಕ್ಕೆ ಮುಂಬಯಿಯಲ್ಲಿ ನಿದರ್ಶನವಿದೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾದುದು; ದೇಶದ ಎಲ್ಲ ಮೂಲೆಗಳಿಂದಲೂ ಅಲ್ಲಿಗೆ ರೋಗಿಗಳು ಬರುತ್ತಾರೆ. ಸುತ್ತಲಿನ ಪಾದಚಾರಿ ಮಾರ್ಗಗಳಲ್ಲಿ ಸಂಸಾರಗಳು ಬೀಡುಬಿಟ್ಟಿರುವುದನ್ನು ಕಂಡವರು ಬಹಳ ಮಂದಿ. ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇಂಥವರಿಗೆ ಅಲ್ಪ ಶುಲ್ಕದಲ್ಲಿ ಆಸರೆ ನೀಡುತ್ತಿದೆ. ಪೊರಕೆ ಹಿಡಿದು ಊರೂರು ಗುಡಿಸಿದ ಆ ಸಂತರ ಹೆಸರಿಗೆ ಇದಕ್ಕಿಂತ ತಕ್ಕ ಸ್ಮಾರಕ ಯಾವುದಿದ್ದೀತು! 2006ರಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಸಂಸ್ಥೆಯಂತೂ ಕ್ಯಾನ್ಸರ್ ಪೀಡಿತ ಮಕ್ಕಳ ಸಂಸಾರಗಳಿಗೆಂದೇ ಉಚಿತ ವಸತಿಗೃಹಗಳನ್ನು ನಡೆಸುತ್ತಿದೆ. ಒಂದೊಂದು ಸಂಸಾರಕ್ಕೂ ಪ್ರತ್ಯೇಕ ಸ್ಥಳ. ಅಡುಗೆಮನೆಯಲ್ಲಿ ತಾಯಂದಿರು ತಮ್ಮ ಊರಿನ ಅಡುಗೆಯನ್ನು ತಾವೇ ಮಾಡಿಕೊಳ್ಳಬಹುದು. ಮಕ್ಕಳಿಗೆ ಪಾಠವೂ ಉಂಟು. ರೊಟ್ಟಿಯ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಟಾಟಾ ಆಸ್ಪತ್ರೆಯ ಮಕ್ಕಳ ವಿಭಾಗವು ಸಹ ಪ್ರತಿ ಕುಟುಂಬದ ಹಣ, ವಸತಿ, ಊಟಗಳ ಚಿಂತೆಯನ್ನು ವಹಿಸಿಕೊಳ್ಳುವ ಏರ್ಪಾಡು ಮಾಡಿತು. ಬಾರದ ಮಕ್ಕಳ ಮನೆಗೆ ಫೋನು ಮಾಡಿ ಕರೆಸಿತು. ನಡುವೆ ಬಿಟ್ಟುಹೋಗುವವರ ಸಂಖ್ಯೆ ನೂರಕ್ಕೆ ಸುಮಾರು 20 ಇದ್ದುದು ಕೆಲವೇ ವರ್ಷಗಳಲ್ಲಿ 5ರ ಆಸುಪಾಸಿಗೆ ಇಳಿಯಿತು. ಹೊಸ ಮದ್ದೊಂದು ಇಷ್ಟು ಮಾಡಿದ್ದರೆ ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬರುತ್ತಿತ್ತು.

ನಮ್ಮಲ್ಲಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಆವರಣದಲ್ಲಿಯೂ ಧರ್ಮಶಾಲೆಯಿದೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆಯ ವೆಚ್ಚವನ್ನು ನೋಡಿಕೊಳ್ಳುತ್ತದೆ. ರೈಲ್ವೆಯವರು ಕ್ಯಾನ್ಸರ್ ರೋಗಿಗೂ ಜೊತೆಗೊಬ್ಬರಿಗೂ ರಿಯಾಯಿತಿ ಕೊಡುತ್ತಾರೆ; ಆಸ್ಪತ್ರೆಯ ಪತ್ರ ಬೇಕೆಂಬುದು ತಿಳಿಯದೆ ಪೂರ್ತಿ ಟಿಕೆಟ್ ಕೊಳ್ಳುವವರಿದ್ದಾರೆ. ಒಂದು ಅರ್ಜಿ ತುಂಬಿಕೊಡುವುದು, ಒಂದು ಪತ್ರದ ಒಕ್ಕಣೆ ಓದಿಹೇಳುವುದು ನಮ್ಮಂಥ ಅಕ್ಷರಸ್ಥರಿಗೆ ಹತ್ತು ನಿಮಿಷದ ಕೆಲಸ. ರಕ್ತದಾನದ ಮಾತೂ ಹಾಗೆಯೇ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಸುಮಾರು ಐದು ದಿನಕ್ಕಿಂತ ಹೆಚ್ಚು ಕೂಡಿಡಲಾಗದು. ಊರಿನಲ್ಲಿ ನೆಂಟರಿಷ್ಟರನ್ನು ಬಿಟ್ಟುಬಂದ ತಾಯಿ ಹೊತ್ತಿಗೆ ಸರಿಯಾಗಿ ಯಾರನ್ನು ಕರೆತಂದಾಳು?

ನೋಡಲು ಹೋಗುವವರು ಹಣ್ಣಿನ ಬುಟ್ಟಿ ಹೊತ್ತು, ನೆಗಡಿಯನ್ನೂ ಜೊತೆಗೊಯ್ಯುವುದುಂಟು. ಎರಡನೆಯದನ್ನು ಖಂಡಿತವಾಗಿಯೂ ಮನೆಯಲ್ಲಿ ಬಿಟ್ಟು ಹೋಗಬೇಕು. ಮಗುವಿನ ರೋಗವಾದರೋ ಅಂಟುವಂಥದಲ್ಲ. ಅದರ ಲೋಟವನ್ನು ಬೇರೆಯಿಡುವ ಮನೆಗಳು ಇನ್ನೂ ಇವೆ. ಯಾವ ಜನ್ಮದ ಪಾಪವೋ ಎಂದು ತಾಯಿಯ ಎದುರಿಗೇ ನಿಟ್ಟುಸಿರಿಡುವವರಿಗೆ ಏನು ಹೇಳಬೇಕೋ ನಾನರಿಯೆ.

ಸೋದರ ಸೋದರಿಯರ ಕಷ್ಟವನ್ನು ಯಾರೂ ಕೇಳುವುದಿಲ್ಲ. ನಮ್ಮ ಹುಡುಗ ಆ ದಿನ ಒಂದೇ ಪ್ರಶ್ನೆ ಕೇಳಿದ: "ಸರ್, ಹಾಜರಿ ಕಮ್ಮಿ ಬಿದ್ದರ ಪರೀಕ್ಷೆಗೆ ಕೂಡಸಂಗಿಲ್ಲೇನ್ರೀ?" ಕೂಡಿಸಲಿಲ್ಲ. ಅವನಿಗೆ ಒಂದು ವರ್ಷ ಹೋಯಿತು. ಆಸ್ಪತ್ರೆಯ ಸಮಾಜಕಾರ್ಯಕರ್ತೆಯೊಬ್ಬರ ಪ್ರಯತ್ನದಿಂದ ತಾಯಿಮಗುವಿಗೆ ಒಂದು ವಸತಿಗೃಹದಲ್ಲಿ ಜಾಗ ದೊರೆತ ಮೇಲೆ ಅವನು ಗೋದಾಮನ್ನು ಬಿಟ್ಟು ತರಗತಿಗೆ ಮರಳಿದ.

ಕಠಿಣವಾದ ತಿಂಗಳುಗಳು ಮುಗಿದು ಈಗ ಅವರು ಊರಿನಲ್ಲಿದ್ದಾರೆ; ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ಇನ್ನೂ 13 ತಿಂಗಳ ಮಾತ್ರೆ ಬಾಕಿ. ಹೋದ ಸಲ ಬಂದಾಗ ನಮ್ಮ ಮನೆಗೂ ಬಂದಿದ್ದರು. ತಾಯಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಮಗುವಿನ ತಲೆಯಲ್ಲಿ ಬೆರಳುದ್ದದ ಕೂದಲು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ನನ್ನ ಮೇಜಿನ ಮೇಲಿದ್ದ ಪುಸ್ತಕವನ್ನು ತೆರೆದು ಒಂದೊಂದೇ ಅಕ್ಷರವನ್ನು ಕೂಡಿಸಿ ಓದತೊಡಗಿತು. ಅರ್ಧ ಸಾಲು ಆಗಿರಬಹುದು. ಮಾತ್ರೆಯ ಹೊತ್ತಾಯಿತೆಂದು ಅಣ್ಣ ನೀರಿನ ಲೋಟ ಹಿಡಿದು ಬಂದ.