ಕಾಳಪ್ಪನೋ ಕಲ್ಲಪ್ಪನೋ? ವಂಶವೃಕ್ಷದ ತಂತ್ರಾಂಶದಲ್ಲಿ ಕನ್ನಡದ ಹೆಸರುಗಳು

ನಮ್ಮ ಬಳಗದ ಕೆಲವು ಮನೆಗಳವರು ಸೇರಿ ವಂಶವೃಕ್ಷಗಳನ್ನು ಗಣಕಕ್ಕೆ ಏರಿಸುವ ಕೆಲಸಕ್ಕೆ ಕೈಹಾಕಿದ್ದೇವೆ. ಊರಿನಿಂದ ಬಂದ ಹಳೆಯ ನೋಟುಪುಸ್ತಕ, ಜಾತಕದ ಹಾಳೆ, ಲಗ್ನಪತ್ರಿಕೆ, ಜೊತೆಗೆ ಫೋನಿನಲ್ಲಿ ಹಿರಿಯರು ನೆನಪಿಸಿಕೊಂಡು ಹೇಳುವ ಹೆಸರುಗಳು: ಸಾಮಗ್ರಿಗೇನೂ ಬರವಿಲ್ಲ. ತೊಡಕು ಶುರುವಾಗುವುದು ಹೆಸರನ್ನು ಟೈಪು ಮಾಡುವಾಗ.

ಮುತ್ತಜ್ಜನ ಹೆಸರನ್ನು ಇಂಗ್ಲಿಷಿನಲ್ಲಿ ಕೆ-ಎ-ಎಲ್-ಎ-ಪಿ-ಪಿ-ಎ ಎಂದು ಬರೆದಿಟ್ಟೆವು ಎನ್ನಿ. ಅವರು ಕಾಳಪ್ಪನವರೋ, ಕಾಲಪ್ಪನವರೋ? ಕಲ್ಲಪ್ಪನವರ ಎರಡು ಎಲ್‌ಗಳಲ್ಲಿ ಒಂದನ್ನು ಯಾವ ಕಾಲದಲ್ಲೋ ಯಾವುದೋ ಗುಮಾಸ್ತರು ನುಂಗಿರುವುದೂ ಉಂಟು. ಇವತ್ತು ಕೇಳಿದರೆ ಹೇಳುವ ದೊಡ್ಡಮ್ಮ ಊರಿನಲ್ಲಿದ್ದಾರೆ. ಇನ್ನು ಹತ್ತು ವರ್ಷದ ಮೇಲೆ ಕೇಳುವುದು ಯಾರನ್ನು? ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ಕೈಯಲ್ಲಿ ಉಳಿಯುವುದು ಆ ಏಳು ಇಂಗ್ಲಿಷ್ ಅಕ್ಷರಗಳು ಮಾತ್ರ. ಹಾಗಾಗಿ ಪ್ರತಿ ಹೆಸರನ್ನೂ ಎರಡು ಲಿಪಿಯಲ್ಲೂ ಇಡಬೇಕೆಂಬುದು ನಮ್ಮ ಪಟ್ಟು: ಕನ್ನಡದಲ್ಲಿ ಮೂಲ, ಮಕ್ಕಳಿಗೆ ಓದಲು ರೋಮನ್ ರೂಪ. ಐಎಸ್‌ಒ 15919 ಎಂಬ 2001ರ ಮಾನಕ ಇದೆ. ಳಕಾರಕ್ಕೆ ಎಲ್ ಕೆಳಗೊಂದು ಚುಕ್ಕಿ, ದೀರ್ಘಕ್ಕೆ ಸ್ವರದ ಮೇಲೊಂದು ಗೆರೆ. ವಿದ್ವಾಂಸರಿಗೆ ಸೊಗಸು. ಆದರೆ ಚುಕ್ಕಿ ಕಂಡರೆ ಪರದೆಯ ಮೇಲಿನ ಧೂಳೆಂದು ಒರೆಸುವ ಮಕ್ಕಳಿಗೆ ಅದು ಹತ್ತುವುದು ಕಷ್ಟ.

ಈ ಕ್ಷೇತ್ರದ ತಂತ್ರಾಂಶಗಳು ಪರಸ್ಪರ ಮಾತಾಡಿಕೊಳ್ಳುವುದು ಜೆಡ್‌ಕಾಮ್ ಎಂಬ ಕಡತದ ಮೂಲಕ. ಮಾರ್ಮನ್ ಚರ್ಚಿನವರು ತಮ್ಮ ವಂಶಾವಳಿಯ ಕೆಲಸಕ್ಕೆಂದು 1984ರಲ್ಲಿ ಹೊರತಂದದ್ದು. ಅದರ ಹಳೆಯ ಲಿಪಿಸಂಕೇತ ಆನ್ಸೆಲ್, ಗ್ರಂಥಾಲಯಗಳಿಗಾಗಿ ಮಾಡಿದ್ದು. ಯುರೋಪಿನ ಚುಕ್ಕಿ-ಗೆರೆಗಳಿಗೆ ಅದರಲ್ಲಿ ಜಾಗವಿದೆ, ಕನ್ನಡಕ್ಕಿಲ್ಲ. ಇನ್ನೊಂದು ತಮಾಷೆ: ಆನ್ಸೆಲ್‌ನಲ್ಲಿ ಚುಕ್ಕಿ ಮೊದಲು, ಅಕ್ಷರ ಆಮೇಲೆ, ಯುನಿಕೋಡಿನಲ್ಲಿ ಅಕ್ಷರ ಮೊದಲು, ಚುಕ್ಕಿ ಆಮೇಲೆ. ಬದಲಾಯಿಸುವಾಗ ಇದನ್ನು ಗಮನಿಸದ ತಂತ್ರಾಂಶವಾದರೆ ಚುಕ್ಕಿ ಪಕ್ಕದ ಮನೆಗೆ ಹೋಗಿ ಕೂರುತ್ತದೆ. 5.5.1 ಆವೃತ್ತಿಯ ಕರಡು 1999ರಲ್ಲಿ ಯುಟಿಎಫ್-8ಕ್ಕೆ ಬಾಗಿಲು ತೆರೆಯಿತು, ಅಧಿಕೃತವಾದದ್ದು ಮಾತ್ರ 2019ರಲ್ಲಿ! 2021ರ 7.0 ಆವೃತ್ತಿಯಲ್ಲಿ ಯುಟಿಎಫ್-8 ಕಡ್ಡಾಯ. ಹೆಸರಿನ ಇನ್ನೊಂದು ಲಿಪಿಯ ರೂಪಕ್ಕೆ ಭಾಷೆಯ ಗುರುತಿನೊಡನೆ ಪ್ರತ್ಯೇಕ ಸಾಲೂ ಅದರಲ್ಲಿದೆ.

ಕಡತ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋದಾಗ ಹೆಸರು ಕೆಟ್ಟು ಕಂಡರೆ ಗಾಬರಿಯಾಗುವ ಮೊದಲು ಹೇಗೆ ಕೆಟ್ಟಿದೆ ಎಂದು ನೋಡಿ. ಖಾಲಿ ಚೌಕಗಳು ಕಂಡರೆ ಸಾಮಾನ್ಯವಾಗಿ ಫಾಂಟಿನ ಕೊರತೆ, ಮಾಹಿತಿ ಕ್ಷೇಮ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತರೂ ಅಷ್ಟೇ, ಅದು ತೋರಿಸುವವನ ತಪ್ಪು. ಕಿರೀಟ ತೊಟ್ಟ ಫ್ರೆಂಚ್ ಅಕ್ಷರಗಳ ಸಂತೆಯೇ ನೆರೆದಿದ್ದರೆ, ಯುಟಿಎಫ್-8 ಕಡತವನ್ನು ತಂತ್ರಾಂಶ ಬೇರೆ ಸಂಕೇತವೆಂದು ಓದಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಕಾಳಪ್ಪ ನಮ್ಮ ಕಣ್ಣಿಗೆ ಮೂರು ಅಕ್ಷರ. ಗಣಕಕ್ಕೆ ದೀರ್ಘ, ವಿರಾಮ ಸೇರಿ ಆರು ಚಿಹ್ನೆ, ಹದಿನೆಂಟು ಬೈಟು. ಆ ಹದಿನೆಂಟನ್ನೂ ಬಿಡಿಬಿಡಿಯಾಗಿ ಓದಿದರೆ ಈ ಸಂತೆ. ಇಂಥ ಕಡತವನ್ನು ಯಾವ ಕಾರಣಕ್ಕೂ ಮತ್ತೆ ಸೇವ್ ಮಾಡಬೇಡಿ. ಮುಚ್ಚಿ, ಯುಟಿಎಫ್-8 ಎಂದು ಹೇಳಿ ತೆರೆಯಿರಿ, ಕಾಳಪ್ಪನವರು ಮರಳುತ್ತಾರೆ. ಆದರೆ ಹೆಸರಿದ್ದ ಕಡೆ ಬರೀ ಪ್ರಶ್ನೆಚಿಹ್ನೆಗಳ ಸಾಲು ಕಂಡರೆ ಮೂಲ ಕಡತ ಹುಡುಕುವುದೊಂದೇ ದಾರಿ. ಕನ್ನಡವಿಲ್ಲದ ಸಂಕೇತಕ್ಕೆ ರಫ್ತು ಮಾಡಿದಾಗ ಆಗುವ ಅನಾಹುತ ಅದು. ಪ್ರಶ್ನೆಚಿಹ್ನೆಗೆ ತಾನು ಹಿಂದೆ ಏನಾಗಿದ್ದೆನೆಂಬ ನೆನಪಿರುವುದಿಲ್ಲ. ರಫ್ತಿನ ಕಿಟಕಿಯಲ್ಲಿ ಲಿಪಿಸಂಕೇತ ಕೇಳಿದರೆ ಆನ್ಸೆಲ್ ಬಿಟ್ಟು ಯುಟಿಎಫ್-8 ಆರಿಸಿ ಎಂದು ನಾವು ಕಂಡಕಂಡವರಿಗೆಲ್ಲ ಹೇಳುವುದು ಇದಕ್ಕೇ.

ಕಣ್ಣಿಗೆ ಕಾಣದ ತೊಡಕು ಇನ್ನೊಂದಿದೆ. ಆಚಾರ್ಯ ಎಂದು ಅರ್ಕಾವೊತ್ತಿನಲ್ಲಿ ಬರೆಯುವವರುಂಟು, ಆಚಾರ‍್ಯ ಎಂದು ರಕಾರಕ್ಕೆ ಯಒತ್ತು ಕೊಡುವವರೂ ಉಂಟು. ಎರಡನೆಯದರ ಹೊಟ್ಟೆಯಲ್ಲಿ ಜೋಡಿಸುವ ಅದೃಶ್ಯ ಚಿಹ್ನೆಯೊಂದು ಅಡಗಿದೆ. ರಾಜ್‌ಕುಮಾರ್ ಎಂದು ಬಿಡಿಸಿ ಬರೆದರೆ ಅಲ್ಲಿ ಬಿಡಿಸುವ ಅದೃಶ್ಯ ಚಿಹ್ನೆ. ರಾಜ್ಕುಮಾರ್ ಎಂದರೆ ಅದಿಲ್ಲ. ನಮಗೆ ಅದೇ ಮನೆತನ, ಅದೇ ಮನುಷ್ಯ. ಅಕ್ಷರಶಃ ಹೋಲಿಸುವ ತಂತ್ರಾಂಶಕ್ಕೆ ಎರಡು. ಹುಡುಕಿದರೆ ಅರ್ಧ ಬಂಧುಗಳು ನಾಪತ್ತೆ. ಒಂದು ಮನೆತನಕ್ಕೆ ಒಂದೇ ರೂಪವೆಂದು ಮೊದಲೇ ಗೊತ್ತುಮಾಡಿಕೊಂಡು, ನೋಟುಪುಸ್ತಕದಲ್ಲಿ ಬೇರೆ ಕಂಡದ್ದನ್ನು ಪರ್ಯಾಯ ಹೆಸರಿನ ಜಾಗದಲ್ಲಿ ಬರೆಯುವುದು ಮೇಲು.

ಟೈಪು ಮಾಡುವುದು ಈಗ ದೊಡ್ಡ ಮಾತಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲೇ ತುಂಗಾ ಫಾಂಟನ್ನೂ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನೂ ತಂದಿತು. 2019ರ ವಿಂಡೋಸ್ 10ರಿಂದೀಚೆಗೆ ಇಂಗ್ಲಿಷಿನಲ್ಲಿ ಒತ್ತಿ ಕನ್ನಡ ಪಡೆಯುವ ಧ್ವನ್ಯಾತ್ಮಕ ಕೀಲಿಮಣೆಯೂ ಜೊತೆಗೇ ಬರುತ್ತದೆ. ಕೆ. ಪಿ. ರಾವ್ ವಿನ್ಯಾಸಕ್ಕೆ ಒಗ್ಗಿದ ಬೆರಳುಗಳಿಗೆ ನುಡಿ ಇದ್ದೇ ಇದೆ. ಆದರೆ ನಿಮ್ಮಲ್ಲಿ ಹಲವರು ಇಪ್ಪತ್ತು ವರ್ಷದ ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಪಟ್ಟಿ ಮಾಡಿಟ್ಟಿದ್ದೀರಿ. ಅವು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖವಾಡ ತೊಡಿಸಿದಂಥವು. ನೇರ ಅಂಟಿಸಿದರೆ ಮುಖವಾಡ ಕಳಚುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಿ.

ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ಲಾಗಿ ಹೊತ್ತ ನಮ್ಮವರಿಗೆ ಸರ್‌ನೇಮ್ ಯಾವುದೆಂಬುದು ಇನ್ನೊಂದು ಲೇಖನದ ವಸ್ತು. ಸದ್ಯಕ್ಕೆ ಇಷ್ಟು: ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕುಲನಾಮದ ಮೂಲ ತಂದೆಯ ಹೆಸರೋ, ಊರೋ, ತಾಯಿಯ ಕಡೆಯದೋ ಎಂದು ಗುರುತಿಸಬಹುದು. ಅಳಿಯಸಂತಾನದ ಮನೆಗಳವರಿಗೆ ಇದು ಅನುಕೂಲ.

ಇನ್ನೂರು ಹೆಸರು ತುಂಬಿಸುವ ಮೊದಲು ಮೂರೇ ಹೆಸರು ಹಾಕಿ ನೋಡಿ: ಳಕಾರವಿರುವ ಒಂದು, ಅರ್ಕಾವೊತ್ತಿನ ಒಂದು, ಬಿಡಿಸಿ ಬರೆಯುವ ಒಂದು. ರಫ್ತು ಮಾಡಿ, ಬೇರೆ ತಂತ್ರಾಂಶದಲ್ಲಿ ತೆರೆದು, ಅಲ್ಲಿಂದ ಮತ್ತೆ ನಿಮ್ಮದಕ್ಕೆ ತನ್ನಿ. ಮೂವರೂ ಹೋದ ಹಾಗೆಯೇ ಮರಳಿದರೆ ಊರಿಗೆ ಫೋನು ಮಾಡಿ ದೊಡ್ಡಮ್ಮನನ್ನು ಕೇಳಲು ಶುರುಮಾಡಿ.